ಗರಿಕೆ ಬಾಗಿದ ಕಡೆ

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಎರಡು ಪ್ರಶ್ನೆ. "ದೊಡ್ಡಪ್ಪ, ಆಫೀಸಿನವರು ಡಿಸೆಂಬರಿನಲ್ಲಿ ಚಿಕ್ಕಮಗಳೂರಿಗೆ ಗಾಲ್ಫ್ ಆಡೋಕೆ ಹೊರಟಿದ್ದಾರೆ, ನನ್ನನ್ನೂ ಕರೀತಿದ್ದಾರೆ. ಕಾಲಿಗೆ ಏನು ಹಾಕ್ಕೊಳ್ಳಲಿ?" ಅಂದೆ. ಆಮೇಲೆ ದನಿ ಸಣ್ಣ ಮಾಡಿ, "ತುರುವೇಕೆರೆ ಕಡೆ ತೋಟದವರ ಹುಡುಗ, ಅಲ್ಲಿ ಹೋಗಿ ನಗೆಪಾಟಲಾಗಲ್ಲ ತಾನೆ?" ಅಂದೆ.

ಮೊದಲನೆಯದಕ್ಕೆ ಉತ್ತರ ಸುಲಭ. ಹಿಡಿತ ಇರುವ ಹಳೆಯ ಶೂ, ಇನ್ನೊಂದು ಜೊತೆ ಕಾಲುಚೀಲ, ಕಾಲರ್ ಇರುವ ಅಂಗಿ. ಜೀನ್ಸ್ ಬೇಡ, ಬಹಳ ಕ್ಲಬ್ಬುಗಳಲ್ಲಿ ಒಳಗೆ ಬಿಡುವುದಿಲ್ಲ. ಎರಡನೆಯದಕ್ಕೆ ನಾನು ಆಗ "ಹೋಗೋ, ಏನೂ ಆಗಲ್ಲ" ಅಂದು ಫೋನಿಟ್ಟೆ. ಅದು ಉತ್ತರವಲ್ಲ ಅನ್ನೋದು ಸಂಜೆ ತೋಟದಲ್ಲಿ ಮೋಟರು ನಿಲ್ಲಿಸಿ ಬರುವಾಗ ಹೊಳೆಯಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಓದಿಕೋ.

ನಾನು ಗಾಲ್ಫ್ ಆಡಿದ್ದೆ ಅನ್ನೋದೇ ನಿಮ್ಮ ತಲೆಮಾರಿಗೆ ತಮಾಷೆ. 1984ರಲ್ಲಿ ಬ್ಯಾಂಕಿನವರು ನನ್ನನ್ನು ಮಡಿಕೇರಿಗೆ ಹಾಕಿದರು. ಕಾಫಿ ತೋಟದವರ ಬೆಳೆಸಾಲದ ಕಡತ ನೋಡುವ ಕೆಲಸ. ಅವರಲ್ಲಿ ಒಬ್ಬ ಹಿರಿಯರು ಭಾನುವಾರ ಬೆಳಿಗ್ಗೆ ಜೀಪು ತಂದು ನಿಲ್ಲಿಸಿ, "ನಿಮ್ಮ ಲೆಕ್ಕ ನಾಳೆ, ಈವತ್ತು ನನ್ನ ಲೆಕ್ಕ, ಹತ್ತಿ" ಅಂದರು. ಹಾಗೆ ಹತ್ತಿದವನು ಐದು ವರ್ಷದ ಭಾನುವಾರಗಳನ್ನು ಗಾಲ್ಫಿಗೇ ಕೊಟ್ಟೆ. ನಿನ್ನ ದೊಡ್ಡಮ್ಮನ ಪ್ರಕಾರ ಕೊಟ್ಟಿದ್ದಲ್ಲ, ಕಳೆದದ್ದು. ಆಟ ನನಗೆ ಹತ್ತಿತೇ ಹೊರತು ನಾನು ಆಟಕ್ಕೆ ಹತ್ತಲಿಲ್ಲ, ಕೊನೆಯವರೆಗೂ ನೂರು ಏಟಿನ ಒಳಗೆ ಹದಿನೆಂಟು ಕುಳಿ ಮುಗಿಸಿದ್ದು ನಾಲ್ಕೇ ಸಲ. ಇಂಥವನ ಬುದ್ಧಿಮಾತು ಯಾಕೆ ಕೇಳಬೇಕು ಅಂತ ನಿನಗೆ ಅನ್ನಿಸಿದರೆ ನ್ಯಾಯವೇ. ಚೆನ್ನಾಗಿ ಆಡುವವರು ಹೇಗೆ ಹೊಡೆಯಬೇಕು ಅಂತ ಹೇಳಿಕೊಡುತ್ತಾರೆ. ನಾನು ಹೇಳುವುದು ಹೊಡೆಯುವ ಮುಂಚಿನ ಮಾತು.

ಇದು ದೊಡ್ಡವರ ಆಟ ಅನ್ನುವ ಅಳುಕು ಮೊದಲು ಬಿಡು. ದೊಡ್ಡವರು ಆಡುತ್ತಾರೆ, ಖರ್ಚಿನದು, ಅದೆಲ್ಲ ನಿಜ. ಬೆಂಗಳೂರಿನ ಹೈಗ್ರೌಂಡ್ಸಿನಲ್ಲಿ ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ, ದಂಡಿನ ದೊರೆಗಳಿಗಾಗಿ. ಆದರೆ ಆಟ ಹುಟ್ಟಿದ್ದು ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಕಡಲ ದಂಡೆಯಲ್ಲಿ, ಕುರಿ ಮೇಯುವ ಊರಿನ ಗೋಮಾಳದಲ್ಲಿ. ಇವತ್ತಿಗೂ ಅಲ್ಲಿ ಸೇಂಟ್ ಆಂಡ್ರ್ಯೂಸ್ ಅನ್ನುವ ಊರಿನಲ್ಲಿ ಜಗತ್ತಿಗೇ ಹೆಸರಾದ ಹಳೆಯ ಮೈದಾನ ಊರಿನ ಜನರ ಸೊತ್ತು. ಭಾನುವಾರ ಆಟಕ್ಕೆ ರಜೆ, ಊರವರು ನಾಯಿಯನ್ನೂ ಮಕ್ಕಳನ್ನೂ ಕಟ್ಟಿಕೊಂಡು ಅದರ ಮೇಲೆ ಅಡ್ಡಾಡುತ್ತಾರೆ. ನಮ್ಮಲ್ಲಿ ಅಂಥ ಊರೊಟ್ಟಿನ ಮೈದಾನ ಇಲ್ಲ. ಇರುವುದೆಲ್ಲ ಕ್ಲಬ್ಬುಗಳೇ. ಆದರೆ ಮಲೆನಾಡಿನ ಕಡೆ, ಚಿಕ್ಕಮಗಳೂರು, ಮಡಿಕೇರಿ, ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದಂಥ ಕಡೆ, ಹೊರಗಿನವರೂ ದುಡ್ಡು ಕಟ್ಟಿ ಒಂದು ದಿನ ಆಡಬಹುದು. ಹೋಗುವ ಮುಂಚೆ ಫೋನ್ ಮಾಡಿ ಕೇಳಬೇಕು ಅಷ್ಟೆ, ಸದಸ್ಯರ ಪಂದ್ಯ ಇದ್ದ ದಿನ ಬಿಡುವುದಿಲ್ಲ. ಕೊನೇಹಳ್ಳಿ ಕಾವಲಿನಲ್ಲಿ ಅಮೃತಮಹಲ್ ದನ ಮೇಯುವುದನ್ನು ನಿಂತು ನೋಡಿದವನು ನೀನು. ಮಳೆ ಬಿದ್ದು ಎರಡು ವಾರಕ್ಕೆ ಆ ಕಾವಲು ಹೇಗಿರುತ್ತದೋ, ಅದನ್ನೇ ಬೆಟ್ಟದ ಬುಡದಲ್ಲಿ ಹಾಸಿ ಕತ್ತರಿಸಿಟ್ಟ ಹಾಗೆ ಕಾಣುತ್ತದೆ. ಗಾಬರಿಯಾಗುವಂಥದ್ದು ಏನೂ ಇಲ್ಲ.

ಇನ್ನು ಹುಲ್ಲು. ಮೊದಲ ದಿನ ಗ್ರೀನಿನ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ ಮೇಲೆ, ಬಗ್ಗಿ ಕೈಯಾಡಿಸಿದಾಗ ನನಗೆ ನಗು ತಡೆಯಲಿಲ್ಲ. ಜೀಪಿನ ಹಿರಿಯರು ಯಾಕೆ ಅಂದರು. "ಸಾರ್, ಇದು ಗರಿಕೆ" ಅಂದೆ. "ಬರ್ಮುಡಾ ಗ್ರಾಸ್" ಅಂತ ತಿದ್ದಿದರು. ಎರಡೂ ಒಂದೇ, ಪುಸ್ತಕದಲ್ಲಿ ಸೈನೋಡಾನ್ ಡ್ಯಾಕ್ಟಿಲಾನ್ ಅಂತ ಬರೆಯುತ್ತಾರೆ. ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಎಳೆ ಎಣಿಸಿ ತರುತ್ತಿದ್ದೆಯಲ್ಲ, ಅದೇ. ಪಾತಿಯಿಂದ ಬೇರು ಸಮೇತ ಕಿತ್ತು ಬದುವಿಗೆ ಎಸೆದರೆ ಅಲ್ಲೂ ಚಿಗುರಿ ನಿನ್ನಪ್ಪನ ಬೈಗುಳ ತಿನ್ನುವ ಗರಿಕೆ. ಅದರ ತಳಿಗಳನ್ನೇ ತಿದ್ದಿ ತೀಡಿ, ಅರ್ಧ ಸೆಂಟಿಮೀಟರೂ ಬಿಡದೆ ಕತ್ತರಿಸಿ ಗ್ರೀನ್ ಮಾಡುತ್ತಾರೆ. ನಮ್ಮ ಕಳೆ ಅವರ ಬೆಳೆ.

ಗರಿಕೆಗೆ ಒಂದು ಗುಣ ಉಂಟು, ನೀನು ನೋಡಿರುತ್ತೀಯ, ಗಮನಿಸಿರುವುದಿಲ್ಲ. ಅದು ನೆಟ್ಟಗೆ ಏಳುವುದಿಲ್ಲ, ಹಬ್ಬುತ್ತದೆ. ಹಬ್ಬುವಾಗ ಒಂದು ಕಡೆಗೆ ಬಾಗುತ್ತದೆ, ಹೆಚ್ಚಾಗಿ ನೀರು ಇಳಿಯುವ ಕಡೆಗೆ. ಚೆಂಡಿನ ಹಿಂದೆ ನಿಂತು ಕುಳಿಯ ಕಡೆ ನೋಡಿದಾಗ ಹುಲ್ಲು ಬಿಳಿಚಿ ಹೊಳೆದರೆ ಎಳೆಗಳು ನಿನ್ನಿಂದ ಆಚೆಗೆ ಬಾಗಿವೆ, ಚೆಂಡು ಓಡುತ್ತದೆ, ಮೆಲ್ಲಗೆ ತಳ್ಳು. ಕಪ್ಪಗೆ ಮಂಕಾಗಿ ಕಂಡರೆ ನಿನಗೆ ಎದುರು ಬಾಗಿವೆ, ಇನ್ನಷ್ಟು ಬಲ ಬೇಕು. ಬೆಂಗಳೂರಿನ ಗೆಳೆಯರು ಇದಕ್ಕೆ ‘ಗ್ರೇನ್’ ಅನ್ನುತ್ತಾರೆ, ವೀಡಿಯೋ ನೋಡಿ ಕಲಿತಿರುತ್ತಾರೆ. ನೀನು ಸುಮ್ಮನೆ ಗರಿಕೆ ಬಾಗಿದ ಕಡೆ ನೋಡು.

ಈಗ ನಿನಗೆ ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಬಯಲಿನ ಮೈದಾನದಲ್ಲಿ ಆಡುವುದು ಬೇರೆ, ಗುಡ್ಡಗಾಡಿನಲ್ಲಿ ಆಡುವುದು ಬೇರೆ. ಬಯಲಿನಲ್ಲಿ ಚೆಂಡು ನೀನು ಹೊಡೆದ ಕಡೆ ಹೋಗುತ್ತದೆ. ಗುಡ್ಡದಲ್ಲಿ ನೆಲ ಕಳಿಸಿದ ಕಡೆ ಹೋಗುತ್ತದೆ. ನನಗೆ ಸಿಕ್ಕ ಕ್ಯಾಡಿ ಕಾಫಿ ಕುಯ್ಲಿನ ಕಾಲದಲ್ಲಿ ತೋಟಕ್ಕೆ ಹೋಗಿ ಉಳಿದ ದಿನ ಚೀಲ ಹೊರುತ್ತಿದ್ದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೂರು ವಾರ ಸುಮ್ಮನೆ ನನ್ನ ಅವಾಂತರ ನೋಡಿದರು. ನಾಲ್ಕನೇ ವಾರ ಗ್ರೀನಿನ ಮೇಲೆ ನಾನು ಕುಳಿಯ ಎಡಕ್ಕೆ ಗುರಿಯಿಟ್ಟು ನಿಂತಾಗ, "ಸಾರ್, ನಿಮ್ಮ ಊರಲ್ಲಿ ತೆಂಗಿಗೆ ನೀರು ಹಾಯಿಸ್ತಾರಾ?" ಅಂತ ಕೇಳಿದರು. ಹಾಯಿಸ್ತಾರೆ ಅಂದೆ. "ಹಾಗಾದ್ರೆ ಇಲ್ಲಿ ಒಂದು ಕೊಡ ನೀರು ಸುರಿದ್ರೆ ಎಲ್ಲಿಗೆ ಹೋಗ್ತದೆ ಹೇಳಿ" ಅಂದರು. ನೋಡಿದೆ. ಕಣ್ಣಿಗೆ ಬಲಕ್ಕೆ ಇಳಿದ ಹಾಗಿತ್ತು. ಆದರೆ ಬೆಟ್ಟ ಇದ್ದದ್ದು ಬಲಕ್ಕೇ. ಬೆಟ್ಟದ ಕಡೆಗೆ ನೀರು ಯಾಕೆ ಹೋದೀತು? ಎಡಕ್ಕೆ ಅಂದೆ. "ಅಷ್ಟೇ ಸಾರ್, ಚೆಂಡೂ ಅಲ್ಲಿಗೇ" ಅಂದರು.

ಅವತ್ತು ರಾತ್ರಿ ನನಗೆ ನಿನ್ನ ಮುತ್ತಜ್ಜ ನೆನಪಾದರು. ಕೆರೆ ಕೆಳಗಿನ ತುಂಡಿನಲ್ಲಿ ಹೊಸ ಸಸಿ ಇಟ್ಟಾಗ ಪಾತಿಗೆ ಕಾಲುವೆ ತೆಗೆಯುವುದು ಯಾವ ಕಡೆಯಿಂದ ಅನ್ನುವುದಕ್ಕೆ ಅವರಿಗೂ ನಿನ್ನ ತಾತನಿಗೂ ಜಗಳ. ತಾತನಿಗೆ ನೆಲ ಮೂಡಲಿಗೆ ಇಳಿದ ಹಾಗೆ ಕಾಣುತ್ತಿತ್ತು. ಮುತ್ತಜ್ಜ ಮಾತಾಡದೆ ಒಂದು ತಂಬಿಗೆ ನೀರು ಸುರಿದರು. ನೀರು ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ನಿಂತು, ಪಡುವಲಿಗೆ ಹರಿಯಿತು. ಸುತ್ತಲಿನ ಬದು, ಬೇಲಿ, ಮರದ ಸಾಲು ಎಲ್ಲ ಸೇರಿ ಕಣ್ಣಿಗೆ ಸುಳ್ಳು ಹೇಳುತ್ತವೆ, ನೀರು ಹೇಳುವುದಿಲ್ಲ. ನೀನು ಹನಿ ನೀರಾವರಿ ಬಂದ ಮೇಲೆ ಹುಟ್ಟಿದವನು, ಗುದ್ದಲಿ ಹಿಡಿದು ಪಾತಿಯಿಂದ ಪಾತಿಗೆ ನೀರು ತಿರುವಿದವನಲ್ಲ. ಆದರೂ ನಿನ್ನ ಕಣ್ಣಿನಲ್ಲಿ ಅದು ಉಳಿದಿರುತ್ತದೆ. ಮಳೆ ಬಂದಾಗ ಅಂಗಳದ ನೀರು ಎಲ್ಲಿ ಹೋಗುತ್ತದೆ ಅಂತ ನಿನಗೆ ನೋಡದೆಯೇ ಗೊತ್ತಲ್ಲ, ಅದು. ನಿನ್ನ ಆಫೀಸಿನವರ ಹತ್ತಿರ ಒಳ್ಳೆಯ ಕೋಲುಗಳಿರುತ್ತವೆ, ದೂರ ಅಳೆಯುವ ದುರ್ಬೀನು ಇರುತ್ತದೆ. ನೀನು ಕೇಳಿದೆಯಲ್ಲ, ನಗೆಪಾಟಲಾಗಲ್ಲ ತಾನೆ ಅಂತ. ನೀರಿನ ದಾರಿ ನೋಡುವ ಕಣ್ಣಿದ್ದವನು ಅಲ್ಲಿಗೆ ಬರಿಗೈಯಲ್ಲಿ ಹೋಗುತ್ತಿಲ್ಲ ಕಣೋ.

ಗ್ರೀನಿಗೆ ಮಾತ್ರ ಅಲ್ಲ, ಎಲ್ಲ ಕಡೆಗೂ ಇದೇ. ಚೆಂಡು ಇಳಿಜಾರಿನಲ್ಲಿ ನಿಂತಿದ್ದರೆ ಮೊದಲು ನಿನ್ನ ಕಾಲು ನೋಡು. ನೀನು ಬಲಗೈಯವನು. ಚೆಂಡು ನಿನ್ನ ಪಾದಕ್ಕಿಂತ ಎತ್ತರದಲ್ಲಿದ್ದರೆ ಅದು ಎಡಕ್ಕೆ ಎಳೆಯುತ್ತದೆ. ತಗ್ಗಿನಲ್ಲಿದ್ದರೆ ಬಲಕ್ಕೆ ಜಾರುತ್ತದೆ. ಅಷ್ಟು ಲೆಕ್ಕ ಹಿಡಿದು ಗುರಿ ಪಕ್ಕಕ್ಕೆ ಇಡು. ಏರಿಗೆ ಮುಖ ಮಾಡಿ ಹೊಡೆದರೆ ಚೆಂಡು ಮೇಲಕ್ಕೆ ಹಾರಿ ಹತ್ತಿರವೇ ಬೀಳುತ್ತದೆ. ಇಳಿಜಾರಿಗೆ ಹೊಡೆದರೆ ತಗ್ಗಾಗಿ ಹೋಗಿ ಬಿದ್ದ ಮೇಲೂ ಓಡುತ್ತದೆ. ಗ್ರೀನು ನೀನು ನಿಂತಲ್ಲಿಗಿಂತ ಮೂವತ್ತು ಅಡಿ ಎತ್ತರದಲ್ಲಿದ್ದರೆ ಹತ್ತು ಗಜ ಹೆಚ್ಚು ದೂರ ಅಂತ ತಿಳಿ, ಅಂದರೆ ಒಂದು ಕೋಲು ದೊಡ್ಡದು ತೆಗೆ. ಭುಜವನ್ನು ನೆಲದ ಇಳಿಜಾರಿಗೆ ಸಮ ಮಾಡಿಕೋ. ಚಿಕ್ಕನಾಯಕನಹಳ್ಳಿ ಕಡೆ ಮದಲಿಂಗನ ಕಣಿವೆಯಲ್ಲಿ ಸೌದೆ ಹೊರೆ ಹೊತ್ತು ಇಳಿಯುವ ಹೆಂಗಸರು ಬೆಟ್ಟದ ಜೊತೆ ಸೆಣಸುವುದಿಲ್ಲ, ಅದರ ಓಟಕ್ಕೆ ಮೈ ಕೊಟ್ಟು ಇಳಿಯುತ್ತಾರೆ. ಹಾಗೆ.

ಬಲ ಹಾಕಬೇಡ ಅಂತ ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ನೀನು ಒಂದು ಕೆಲಸ ಮಾಡು, ಈ ಸಲ ಊರಿಗೆ ಬಂದಾಗ ಕಾಯಿ ಸುಲಿಯುವವರ ಹತ್ತಿರ ಅರ್ಧ ಗಂಟೆ ಕೂತುಕೋ. ದಿನಕ್ಕೆ ಸಾವಿರಕ್ಕೆ ಹತ್ತಿರ ಕಾಯಿ ಸುಲಿಯುವವನು ತೋಳಿನಿಂದ ಸುಲಿಯುವುದಿಲ್ಲ. ಕಾಯನ್ನು ಗೂಟಕ್ಕೆ ಇಳಿಸುವಾಗ ಮೈಭಾರ ಬೀಳುತ್ತದೆ, ಸೊಂಟ ತಿರುಗುತ್ತದೆ, ಮಟ್ಟೆ ತಾನಾಗಿ ಬಿಡುತ್ತದೆ. ತೋಳಿನಿಂದ ಸುಲಿಯುವವನು ಮಧ್ಯಾಹ್ನಕ್ಕೇ ಬೀಡಿ ಹಚ್ಚಿ ಕೂರುತ್ತಾನೆ.

ಇನ್ನೊಂದು ಸುಳ್ಳಿನ ಬಗ್ಗೆ ಎಚ್ಚರ. "ಬೆಟ್ಟದ ಮೇಲೆ ಗಾಳಿ ತೆಳು, ಚೆಂಡು ದೂರ ಹಾರುತ್ತೆ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಸಮುದ್ರದ ದಡದಿಂದ ಬಂದವನಿಗೆ ಅದು ನಿಜ. ಮದ್ರಾಸಿನವನು ಮಡಿಕೇರಿಗೆ ಬಂದರೆ ನೂರು ಗಜಕ್ಕೆ ನಾಲ್ಕು ಗಜ ಹೆಚ್ಚು ಸಿಕ್ಕೀತು. ಬೆಂಗಳೂರೇ 920 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಸುಮಾರು 1,090. ನಮ್ಮ ತಿಪಟೂರೂ 800 ದಾಟಿದೆ. ನೀವೆಲ್ಲ ಆಗಲೇ ತೆಳು ಗಾಳಿಯಲ್ಲಿ ಬದುಕುತ್ತಿರುವವರು, ಅಲ್ಲಿ ಹೋಗಿ ಹೊಸದಾಗಿ ಏನು ಸಿಗುತ್ತದೆ? ಚೆಂಡು ದೂರ ಹೋದರೆ ಗ್ರೀನು ತಗ್ಗಿನಲ್ಲಿದೆ ಅಂತ ಅರ್ಥ. ಅದಕ್ಕೆ ಗಾಳಿಗೆ ಯಾಕೆ ಸಲಾಮು.

ಕಾಡಿನ ಅಂಚು. ಇದರಲ್ಲಿ ನಾನು ಕೆಟ್ಟವನು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡೂ ಕಡೆ ಸಿಲ್ವರ್ ಓಕ್, ಅದರ ಬುಡದಲ್ಲಿ ಕಾಫಿ, ಆಚೆ ಕಾಡು. ಚೆಂಡು ಒಳಗೆ ಹೋಯಿತು ಅಂದರೆ ಹುಡುಕಲು ಮೂರೇ ನಿಮಿಷ. ಮುಂಚೆ ಐದು ಇತ್ತು, 2019ರಲ್ಲಿ ಮೂರಕ್ಕೆ ಇಳಿಸಿದರು. ಸಿಗದಿದ್ದರೆ ಮೊದಲು ಹೊಡೆದ ಜಾಗಕ್ಕೇ ವಾಪಸ್ ಹೋಗಿ, ಒಂದು ಏಟು ದಂಡ ಸೇರಿಸಿಕೊಂಡು ಹೊಡೆಯಬೇಕು. ಅದಕ್ಕೇ ಚೆಂಡು ಕಾಡಿನ ಕಡೆ ಹಾರಿದ ಕೂಡಲೇ, ಮುಂದೆ ನಡೆಯುವ ಮುಂಚೆಯೇ, ಜೊತೆಯವರಿಗೆ ಬಾಯಿಬಿಟ್ಟು ಹೇಳಿ ಇನ್ನೊಂದು ಚೆಂಡು ಹೊಡೆದಿಡು. ಏರಿ ಇಳಿದು ಹಿಂದಕ್ಕೆ ಬರುವ ಕಷ್ಟ ಉಳಿಯುತ್ತದೆ. ಚೆಂಡು ಸಿಕ್ಕಿ, ಆಡಲಾಗದ ಜಾಗದಲ್ಲಿದ್ದರೆ ಒಂದು ಏಟು ದಂಡ ಕೊಟ್ಟು ಎರಡು ಕೋಲಳತೆಯೊಳಗೆ, ಕುಳಿಗೆ ಹತ್ತಿರವಾಗದಂತೆ, ಹೊರಗೆ ಬಿಟ್ಟುಕೊಳ್ಳಬಹುದು. ಉದುರಿದ ಎಲೆ ಕಡ್ಡಿ ತೆಗೆಯಬಹುದು, ಚೆಂಡು ಅಲುಗಬಾರದು. ಬೆಳೆದು ನಿಂತ ಕೊಂಬೆ ಮುರಿಯುವ ಹಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನೊಂದು ದಿನ ಬೇರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚೆಂಡನ್ನು ಶೂ ತುದಿಯಿಂದ ಮೆಲ್ಲಗೆ ಈಚೆಗೆ ಸರಿಸಿದೆ. ಜೀಪಿನ ಹಿರಿಯರು ಆಚೆ ದಿಬ್ಬದ ಮೇಲಿದ್ದರು. ಕ್ಯಾಡಿ ಹತ್ತು ಹೆಜ್ಜೆ ಹಿಂದಿದ್ದರು. ಚೆನ್ನಾಗಿ ಹೊಡೆದೆ, ಅವತ್ತಿನ ಮಟ್ಟಿಗೆ ಅದೇ ನನ್ನ ಒಳ್ಳೆಯ ಹೊಡೆತ. ಚೀಟಿಯಲ್ಲಿ ಐದು ಅಂತ ಬರೆದೆ. ಯಾರೂ ಏನೂ ಕೇಳಲಿಲ್ಲ. ಈ ಆಟದಲ್ಲಿ ಸೀಟಿ ಊದುವವನಿಲ್ಲ. ಮುಂದಿನ ಕುಳಿಗೆ ನಡೆಯುವಾಗ ಕ್ಯಾಡಿ ಎಂದಿನಂತೆ ಕೋಲು ಒರೆಸಿ ಕೊಟ್ಟರು. ಆದರೆ ಅವತ್ತಿನಿಂದ ಎಷ್ಟೋ ವಾರ, ನನ್ನ ಚೆಂಡು ಕಾಡಿಗೆ ಹೋದಾಗಲೆಲ್ಲ ಅವರು ನನ್ನ ಜೊತೆ ಒಳಗೆ ಬರದೆ ಅಂಚಿನಲ್ಲೇ ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನನಗೆ ಅನುಕೂಲ ಮಾಡಿಕೊಡುತ್ತಿದ್ದರೋ, ನೋಡಲು ಇಷ್ಟವಿಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ವಾರವಿಡೀ ಬೇರೆಯವರ ಸಾಲದ ಕಂತು ಒಂದು ರೂಪಾಯಿ ತಪ್ಪದೆ ಎಣಿಸುವವನು ನಾನು!

ಒಂದು ಏಟು ಅಂದರೆ ಎಷ್ಟು ಅಂತ ತಿಳಿಯಬೇಕಾದರೆ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಅವರನ್ನು ನೆನೆಸಿಕೋ. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕು ದಿನ, ಎಪ್ಪತ್ತೆರಡು ಕುಳಿ ಆಡಿ ನಾಲ್ಕನೆಯವರಾದರು. ಪದಕಕ್ಕೆ ಕಮ್ಮಿಯಾದದ್ದು ಒಂದೇ ಏಟು. ಕಣದಲ್ಲಿ ರಾಗಿ ಅಳೆಯುವಾಗ ಒಂದು ಅನ್ನದೆ ‘ಲಾಭ’ ಅಂತ ಶುರು ಮಾಡುವ ಜನ ನಾವು, ಎಣಿಕೆ ಹೆಚ್ಚಿದಷ್ಟೂ ಖುಷಿ. ಇದು ಎಣಿಕೆ ಕಮ್ಮಿಯಾದವನು ಗೆಲ್ಲುವ ಆಟ, ಅಲ್ಲಿಯೇ ಆಸೆ ಹುಟ್ಟುವುದು.

ಕ್ಯಾಡಿಯನ್ನು "ಏಯ್" ಅನ್ನಬೇಡ. ಅಣ್ಣ ಅನ್ನು, ವಯಸ್ಸಾದವರಾದರೆ ಬಹುವಚನ ಬಿಡಬೇಡ. ದುಡ್ಡು ಮುಂಚೆಯೇ ಮಾತಾಡಿಕೋ, ಮುಗಿದ ಮೇಲೆ ಚೌಕಾಸಿ ಬೇಡ. ಆ ನೆಲ ಅವರಿಗೆ ಅಂಗೈ ಇದ್ದ ಹಾಗೆ. ಅವರು ಎಡಕ್ಕೆ ಅಂದರೆ ನಿನಗೆ ಬಲ ಅನ್ನಿಸಿದರೂ ಎಡಕ್ಕೇ ಹೊಡೆ. ಮೈದಾನದ ಪಕ್ಕದ ಹಳ್ಳಿಯವರೇ ದೊಡ್ಡ ಆಟಗಾರರಾಗುವುದೂ ಉಂಟು. ಬಿಡದಿ ಹತ್ತಿರದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಅನ್ನುವವರು 2010ರಲ್ಲಿ ಅಖಿಲ ಭಾರತ ಅಮೆಚೂರ್ ಗೆದ್ದು, ಆಮೇಲೆ ವೃತ್ತಿಪರ ಆಟಗಾರರಾದರು. ಪಕ್ಕದಲ್ಲೇ ಗಾಲ್ಫ್ ಮೈದಾನ ಎದ್ದಿದ್ದರಿಂದ ಆಟ ಅವರ ಕೈಗೆ ಸಿಕ್ಕಿದ್ದು. ಹೆಸರು ಕೇಳಿದರೆ ನಮ್ಮ ಹಿಂದಿನ ಬೀದಿಯವರು ಅನ್ನಿಸುತ್ತದೆ ಅಲ್ಲವಾ. ಚೀಲ ಹೊರುವ ಹುಡುಗ ನಿನಗಿಂತ ಚೆನ್ನಾಗಿ ಆಡುವವನಾಗಿರಬಹುದು, ಬಹುಪಾಲು ಆಗಿರುತ್ತಾನೆ.

ಡಿಸೆಂಬರು ಒಳ್ಳೆಯ ಕಾಲ. ಮಳೆಗಾಲದಲ್ಲಿ ಆ ಕಡೆ ಹೋದರೆ ಚೆಂಡಿಗಿಂತ ಜಿಗಣೆ ಹುಡುಕುವುದೇ ಕೆಲಸ. ಬೆಳಗಿನ ಮಂಜು ಇಬ್ಬನಿಯಲ್ಲಿ ಗ್ರೀನು ನಿಧಾನ, ಹತ್ತು ಗಂಟೆ ಬಿಸಿಲಿಗೆ ಅದೇ ಗ್ರೀನು ಓಡುತ್ತದೆ, ನೆನಪಿರಲಿ. ಮಾರ್ಚ್ ಏಪ್ರಿಲ್‌ನ ಹೂಮಳೆಯ ಕಾಲದಲ್ಲಿ ಮತ್ತೆ ಹೋಗುವ ಯೋಗ ಬಂದರೆ ಕಾಫಿ ಹೂವಿನ ವಾಸನೆಗಾಗಿಯೇ ಹೋಗು, ಆದರೆ ಮಧ್ಯಾಹ್ನದ ಗುಡುಗು ಕೇಳಿದ ಕೂಡಲೇ ಆಟ ಬಿಟ್ಟು ಕಟ್ಟಡದೊಳಕ್ಕೆ ಬಾ. ಕೈಯಲ್ಲಿ ಕಬ್ಬಿಣದ ಕೋಲು, ಸುತ್ತ ಬಯಲು. ಒಂಟಿ ಮರದ ಕೆಳಗೆ ನಿಲ್ಲಬೇಡ. ನಮ್ಮ ಬಾವಿ ಮೂಲೆಯಲ್ಲಿ ಸುಳಿ ಸುಟ್ಟು ನಿಂತ ತೆಂಗಿನ ಮರ ಯಾಕೆ ಹಾಗಾಯಿತು ಅಂತ ನಿನಗೆ ಗೊತ್ತು. ಪೊದೆಯೊಳಗೆ ಚೆಂಡಿಗೆ ಕೈ ಹಾಕುವ ಮುಂಚೆ ಕೋಲಿನಿಂದ ಒಮ್ಮೆ ಸದ್ದು ಮಾಡು, ಹಾವಿಗೂ ಭಾನುವಾರ ಇರುತ್ತದೆ. ಮುಂದಿನ ಗುಂಪು ದಿಬ್ಬದಾಚೆ ಇಳಿದು ಕಾಣದೆ ಇದ್ದರೆ ಹೊಡೆಯಬೇಡ, ಕ್ಯಾಡಿಯನ್ನು ದಿಬ್ಬದ ಮೇಲೆ ಕಳಿಸಿ ಕೈ ಎತ್ತಿದ ಮೇಲೆ ಹೊಡೆ. ಹೊಡೆದದ್ದು ಯಾರ ಕಡೆಗಾದರೂ ಹೋದರೆ ನಾಚಿಕೆ ಬಿಟ್ಟು "ಫೋರ್" ಅಂತ ಕೂಗು.

ಒಂದು ಕಸಿವಿಸಿ ನನಗೆ ಯಾವತ್ತೂ ಇತ್ತು, ನಿನಗೂ ಇರಲಿ ಅಂತ ಹೇಳುತ್ತೇನೆ. ಹದಿನೆಂಟು ಕುಳಿಯ ಮೈದಾನಕ್ಕೆ ನೂರು, ನೂರಿಪ್ಪತ್ತು ಎಕರೆ ಬೇಕು. ಮೂವತ್ತು ಅಡಿಗೊಂದು ತೆಂಗು ಅಂದರೂ ಎಕರೆಗೆ ನಲವತ್ತೆಂಟು ಮರ, ಐದು ಸಾವಿರ ಮರದ ತೋಟ. ನಮ್ಮಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು, ಹೇಮಾವತಿ ನಾಲೆಯಲ್ಲಿ ಕೆರೆಗೆ ನೀರು ಬಿಟ್ಟರೇ ಉಂಟು, ಇಲ್ಲವಾದರೆ ಕೊಳವೆಬಾವಿಯ ಆಳ ಕೇಳಬೇಡ. ಮಡಿಕೇರಿಯಲ್ಲಿ ಮಳೆ ಅದರ ನಾಲ್ಕೈದು ಪಟ್ಟು, ಅಲ್ಲಿ ಗರಿಕೆ ತಾನಾಗಿ ಹಸಿರಿರುತ್ತದೆ. ಆ ನೆಲದಲ್ಲಿ ಆಡುವಾಗ ನನಗೆ ಅಷ್ಟು ಚುಚ್ಚಲಿಲ್ಲ. ಬಯಲುಸೀಮೆಯಲ್ಲಿ ಟ್ಯಾಂಕರು ತರಿಸಿ ಹುಲ್ಲು ನೆನೆಸುವುದನ್ನು ನೋಡಿದ ದಿನ ನಾನು ಆಡದೆ ವಾಪಸು ಬಂದೆ. ನಿನಗೆ ಹಾಗೆ ಮಾಡು ಅನ್ನುವುದಿಲ್ಲ.

ಅರಸೀಕೆರೆ, ಕಡೂರು ದಾರಿಯಲ್ಲೇ ಹೋಗುತ್ತೀರಿ, ತಿಪಟೂರಿನಲ್ಲಿ ಇಳಿಸಲು ಹೇಳಿ ಒಂದು ದಿನ ಮುಂಚೆಯೇ ಮನೆಗೆ ಬಾ. ಹಿತ್ತಲಿನ ಗರಿಕೆಯ ಮೇಲೆ ನಾಲ್ಕು ಚೆಂಡು ಉರುಳಿಸಿ ನೋಡೋಣ, ನಾಯಿ ಕಚ್ಚಿಕೊಂಡು ಓಡುತ್ತದೆ ಅಷ್ಟೆ. ನನ್ನ ಏಳನೇ ನಂಬರಿನ ಐರನ್ ಅಟ್ಟದ ಮೇಲೆ ಇದೆ, ಕೊಬ್ಬರಿಗೆ ಹಾಕಿದ ಕಾಯಿಯ ಹಿಂದೆ. ಕಾಯಿಗೆ ಇನ್ನೂ ಎಂಟು ತಿಂಗಳು, ಅಲುಗಾಡಿಸಬೇಡ, ಪಕ್ಕದಿಂದ ಕೈ ಹಾಕಿ ಎಳೆ. ಹಿಡಿಯ ರಬ್ಬರು ಸುಲಿದಿದೆ, ಬೆಂಗಳೂರಿನಲ್ಲಿ ಹಾಕಿಸಿಕೋ. ನಿನ್ನ ದೊಡ್ಡಮ್ಮ ಎರಡು ವರ್ಷ ಅದರಲ್ಲೇ ಹುಣಸೆಹಣ್ಣು ಬಡಿದಿದ್ದಾಳೆ, ಕತ್ತು ಸೊಟ್ಟಗಾಗಿದೆಯೇನೋ ನೋಡು.